ಗ್ರೀನ್ ಬೇ ಪ್ಯಾಕರ್ಸ್ ನಿಜವಾಗಿ ಯಾರದ್ದು?

2025ರ ಏಪ್ರಿಲ್ ಕೊನೆಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಪುಟ್ಟ ಊರಿನಲ್ಲಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್) ಡ್ರಾಫ್ಟ್ ನಡೆಯಿತು. ಕಾಲೇಜು ಫುಟ್‌ಬಾಲ್ ಮುಗಿಸಿದ ಹುಡುಗರನ್ನು 32 ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕಾರ್ಯಕ್ರಮ ಅದು. ಊರಿನ ಜನಸಂಖ್ಯೆ ಒಂದು ಲಕ್ಷದ ಮೇಲೆ ಸ್ವಲ್ಪ. ಮೂರು ದಿನದ ಹಾಜರಿ ಕೂಡಿಸಿದರೆ 6 ಲಕ್ಷ ಅಂತ ಲೀಗ್ ಲೆಕ್ಕ ಕೊಟ್ಟಿತು. ನಮ್ಮಲ್ಲಿ ಎಷ್ಟೋ ಜನ ಈ ಊರಿನ ಹೆಸರು ಕೇಳಿದ್ದೇ ಆಗ.

ಹೆಸರಿನ ಜೊತೆಗೇ ಒಂದು ಕಥೆಯೂ ಬಂತು. ಗ್ರೀನ್ ಬೇ ಪ್ಯಾಕರ್ಸ್ ತಂಡಕ್ಕೆ ಕೋಟ್ಯಧಿಪತಿ ಮಾಲೀಕನಿಲ್ಲ, ಊರಿನ ಜನರೇ ಮಾಲೀಕರು, ಅಭಿಮಾನಿಗಳು ಷೇರು ಕೊಂಡು ನೂರು ವರ್ಷದಿಂದ ತಂಡವನ್ನು ಉಳಿಸಿಕೊಂಡಿದ್ದಾರೆ ಅನ್ನುವ ಕಥೆ. ಕೇಳೋಕೆ ಚೆನ್ನಾಗಿದೆ. ಪೂರ್ತಿ ಸುಳ್ಳೂ ಅಲ್ಲ. ಆದರೆ ಒಳಗೆ ಇಳಿದು ನೋಡಿದರೆ ಪ್ರೀತಿಗಿಂತ ಬೈಲಾ, ಟಿವಿ ದುಡ್ಡು, ಎದುರಾಳಿ ತಂಡದವರ ಲೆಕ್ಕಾಚಾರ ಇವೇ ಜಾಸ್ತಿ ಕಾಣುತ್ತವೆ. ತಂಡಗಳ ಬೆಲೆ ನೂರಾರು ಕೋಟಿ ಡಾಲರ್ ಮುಟ್ಟಿರುವ ಈ ಕಾಲದಲ್ಲಿ "ಎಲ್ಲ ತಂಡಗಳೂ ಪ್ಯಾಕರ್ಸ್ ಥರ ಯಾಕಿರಬಾರದು?" ಅಂತ ಕೇಳುವವರು ಹೆಚ್ಚಾಗಿದ್ದಾರೆ. ಹಾಗೆ ಕೇಳುವ ಮುಂಚೆ ಪ್ಯಾಕರ್ಸ್ ಹೇಗಿದೆ ಅಂತ ಸರಿಯಾಗಿ ತಿಳಿದಿರಬೇಕು, ಅಲ್ವಾ?

ಷೇರಿನಿಂದಲೇ ಶುರು ಮಾಡೋಣ. ತಂಡಕ್ಕೆ ಈಗ 5 ಲಕ್ಷದ 30 ಸಾವಿರಕ್ಕೂ ಹೆಚ್ಚು ಷೇರುದಾರರಿದ್ದಾರೆ. ಕೊನೆಯ ಬಾರಿ ಷೇರು ಮಾರಿದ್ದು 2021ರ ನವೆಂಬರಿನಿಂದ 2022ರ ಫೆಬ್ರವರಿವರೆಗೆ. ಒಂದಕ್ಕೆ 300 ಡಾಲರ್. ಅಮೆರಿಕ ಮತ್ತು ಕೆನಡಾದಲ್ಲಿ ಇರುವವರಿಗೆ ಮಾತ್ರ. ಷಿಕಾಗೋದಲ್ಲೋ ಮಿಲ್ವಾಕಿಯಲ್ಲೋ ಇರುವ ಕನ್ನಡದ ಸಾಫ್ಟ್‌ವೇರ್ ಹುಡುಗ ಕೊಳ್ಳಬಹುದಿತ್ತು. ಬೆಂಗಳೂರಿನಲ್ಲಿ ಕೂತ ಅವನ ಅಣ್ಣನಿಗೆ ಆ ದಾರಿ ಇರಲಿಲ್ಲ.

ಕೊಂಡವನಿಗೆ ಸಿಕ್ಕಿದ್ದೇನು? ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಲು ಒಂದು ಚೆಂದದ ಸರ್ಟಿಫಿಕೇಟ್. ಲಾಭಾಂಶ ಇಲ್ಲ, ಎಂದೂ ಬರುವುದಿಲ್ಲ. ಷೇರು ಪೇಟೆಯಲ್ಲಿ ಮಾರುವ ಹಾಗಿಲ್ಲ. ಮನೆಯವರಿಗೆ ವರ್ಗಾಯಿಸಬಹುದು, ಇಲ್ಲವೇ ಕೊಟ್ಟ ಬೆಲೆಯ ಸಣ್ಣ ಚೂರಿಗೆ ತಂಡಕ್ಕೇ ವಾಪಸ್ ಕೊಡಬಹುದು, ಅಷ್ಟೇ. ತಂಡದ ಬೆಲೆ ಹತ್ತು ಪಟ್ಟಾದರೂ ಷೇರಿನ ಬೆಲೆ ಏರುವುದಿಲ್ಲ. ಇದು ಹೂಡಿಕೆ ಅಲ್ಲ, ಲಾಭದ ಆಸೆಯಿಂದ ಕೊಳ್ಳಬೇಡಿ ಅಂತ ಮಾರುವಾಗ ತಂಡವೇ ಬರೆದು ಹೇಳಿತ್ತು.

ಟಿಕೆಟ್ ವಿಷಯದಲ್ಲೂ ಹಾಗೇ. ಷೇರುದಾರನಿಗೆ ಟಿಕೆಟ್ ಸುಲಭ ಅನ್ನುವುದು ಬಹಳ ಜನರ ನಂಬಿಕೆ. ಷೇರಿಗೂ ಸೀಸನ್ ಟಿಕೆಟ್ಟಿಗೂ ಸಂಬಂಧವೇ ಇಲ್ಲ. ಸೀಸನ್ ಟಿಕೆಟ್ಟಿಗೆ ಕಾದಿರುವವರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. "ಮಾಲೀಕ"ನೂ ಆ ಸಾಲಿನಲ್ಲೇ ನಿಲ್ಲಬೇಕು.

ಹಾಗಾದರೆ ಓಟು? ಓಟು ಇದೆ. ಪ್ರತಿ ಬೇಸಿಗೆ ಷೇರುದಾರರ ವಾರ್ಷಿಕ ಸಭೆ ನಡೆಯುತ್ತದೆ, ನಿರ್ದೇಶಕರ ಮಂಡಳಿಗೆ ಆಯ್ಕೆ ನಡೆಯುತ್ತದೆ. ಇಲ್ಲಿ ಒಂದು ವಿಷಯವನ್ನು ಬಹಳ ಮಂದಿ ಗಮನಿಸಿಲ್ಲ. 1997ರಲ್ಲಿ 200 ಡಾಲರಿನಂತೆ ಹೊಸ ಷೇರು ಮಾರುವ ಮೊದಲು ಹಳೆಯ ಒಂದೊಂದು ಷೇರನ್ನೂ ಸಾವಿರ ಷೇರಾಗಿ ಒಡೆದರು. ಆಗ ಹಳೆಯ ಷೇರುದಾರರು ಇದ್ದದ್ದು 2,000ಕ್ಕೂ ಕಡಿಮೆ ಮಂದಿ. ಒಂದೇ ಏಟಿಗೆ ಅವರ ಕೈಯಲ್ಲಿ 46 ಲಕ್ಷ ಷೇರು ಆಯಿತು. ಆಮೇಲೆ 1997, 2011, 2021 ಮೂರೂ ಸಲ ಲಕ್ಷಗಟ್ಟಲೆ ಜನ ಮುಗಿಬಿದ್ದು ಕೊಂಡ ಷೇರುಗಳನ್ನೆಲ್ಲ ಕೂಡಿಸಿದರೂ 6 ಲಕ್ಷ ಆಗುವುದಿಲ್ಲ. ಅಂದರೆ ಒಟ್ಟು 52 ಲಕ್ಷದಷ್ಟು ಷೇರಿನಲ್ಲಿ ಹತ್ತಕ್ಕೆ ಎಂಟಕ್ಕೂ ಜಾಸ್ತಿ ಪಾಲು ಹಳೆಯ ಆ ಕೆಲವೇ ಸರ್ಟಿಫಿಕೇಟುಗಳಿಂದ ಹುಟ್ಟಿದ್ದು. ಒಬ್ಬನೇ 2 ಲಕ್ಷಕ್ಕಿಂತ ಹೆಚ್ಚು ಷೇರು ಇಟ್ಟುಕೊಳ್ಳಬಾರದು ಅನ್ನುವ ಮಿತಿ ಇದೆ, ಅದರಿಂದ ಯಾರೂ ತಂಡವನ್ನು ಹಿಡಿತಕ್ಕೆ ತೆಗೆದುಕೊಳ್ಳಲಾರರು ನಿಜ. ಆದರೆ 300 ಡಾಲರ್ ಕೊಟ್ಟು ಬಂದವನ ಓಟಿನ ತೂಕ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ದಿನನಿತ್ಯದ ಕೆಲಸ ನಡೆಸುವುದು ಅಧ್ಯಕ್ಷ ಮತ್ತು ಏಳು ಜನರ ಕಾರ್ಯಕಾರಿ ಸಮಿತಿ. 2025ರ ಜುಲೈನಲ್ಲಿ ಮಾರ್ಕ್ ಮರ್ಫಿ ನಿವೃತ್ತರಾಗಿ ಎಡ್ ಪಾಲಿಸಿ ಅಧ್ಯಕ್ಷರಾದರು. ಅವರನ್ನು ಆರಿಸಿದ್ದು ನಿರ್ದೇಶಕರ ಮಂಡಳಿ. ಐದು ಲಕ್ಷ ಷೇರುದಾರರನ್ನು ಯಾರೂ ಕೇಳಲಿಲ್ಲ. ಕ್ವಾರ್ಟರ್‌ಬ್ಯಾಕ್ (ಅಂಗಳದಲ್ಲಿ ಆಟ ನಡೆಸುವ ಮುಖ್ಯ ಆಟಗಾರ) ಯಾರಾಗಬೇಕು, ಕೋಚನ್ನು ತೆಗೆಯಬೇಕಾ ಇವೆಲ್ಲ ಕೇಳುವ ಮಾತೇ ಇಲ್ಲ.

"ನಗರಸಭೆಯ ತಂಡ" ಅನ್ನುವುದು ಇನ್ನೊಂದು ತಪ್ಪು. ಗ್ರೀನ್ ಬೇ ನಗರಕ್ಕೆ ತಂಡದಲ್ಲಿ ಮಾಲೀಕತ್ವ ಇಲ್ಲ. ಸಾರ್ವಜನಿಕ ಆಸ್ತಿ ಆಗಿರುವುದು ಸ್ಟೇಡಿಯಂ. ತಂಡ ಅಲ್ಲಿ ಬಾಡಿಗೆದಾರ.

ಇಷ್ಟೆಲ್ಲ ಇದ್ದರೂ ಈ ತಂಡ ನೂರು ವರ್ಷ ಅದೇ ಊರಲ್ಲಿ ಹೇಗೆ ಉಳಿಯಿತು? ಅಮೆರಿಕದಲ್ಲಿ ತಂಡಗಳು ರಾತ್ರೋರಾತ್ರಿ ಊರು ಬಿಟ್ಟ ಉದಾಹರಣೆ ಬೇಕಾದಷ್ಟಿದೆ. 1984ರಲ್ಲಿ ಕೋಲ್ಟ್ಸ್ ತಂಡ ಬಾಲ್ಟಿಮೋರಿನಿಂದ ಮಧ್ಯರಾತ್ರಿ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಇಂಡಿಯಾನಾಪೊಲಿಸಿಗೆ ಹೋಯಿತು. ಪ್ಯಾಕರ್ಸ್ ಹಾಗೆ ಹೋಗದಿರಲು ಒಂದು ಕಾರಣ 1923ರ ನೋಂದಣಿ ಪತ್ರದಲ್ಲಿದೆ. ಒಂದು ವೇಳೆ ತಂಡವನ್ನು ಮಾರಿದರೆ, ಸಾಲ ತೀರಿಸಿ ಉಳಿದ ದುಡ್ಡೆಲ್ಲ ಮಾಜಿ ಸೈನಿಕರ ಸಂಘವಾದ ಅಮೆರಿಕನ್ ಲೀಜನ್‌ನ ಊರಿನ ಶಾಖೆಗೆ ಹೋಗಬೇಕು, ಅದರಲ್ಲಿ ಸೈನಿಕರ ಸ್ಮಾರಕ ಕಟ್ಟಬೇಕು ಅಂತ ಅದರಲ್ಲಿ ಬರೆದಿದ್ದರು. ಮೊದಲ ಮಹಾಯುದ್ಧ ಮುಗಿದು ಆಗಿನ್ನೂ ಐದು ವರ್ಷ. 1997ರಲ್ಲಿ ಆ ಫಲಾನುಭವಿಯನ್ನು ಬದಲಾಯಿಸಿ, ತಂಡದ ದತ್ತಿ ಸಂಸ್ಥೆಯಾದ ಪ್ಯಾಕರ್ಸ್ ಫೌಂಡೇಶನ್ ಹೆಸರು ಹಾಕಿದರು. ತಂಡ ಮಾರಿದರೆ ಯಾರ ಜೇಬಿಗೂ ಒಂದು ಪೈಸೆ ಸೇರಲ್ಲ. ಆಮೇಲೆ ಮಾರುವ ಚಪಲ ಯಾರಿಗಿರುತ್ತೆ? ನನ್ನ ಮಟ್ಟಿಗೆ ಈ ತಂಡದ ಇತಿಹಾಸದಲ್ಲಿ ಅತಿ ಜಾಣ ಕೆಲಸ ಇದೇ. ಅಂಗಳದಲ್ಲಿ ಚೆಂಡನ್ನು ಗೆರೆ ದಾಟಿಸಿ ಅಂಕ ಗಳಿಸಿದ ಯಾವ ಟಚ್‌ಡೌನೂ ಇದರ ಸಮಕ್ಕೆ ಬರಲ್ಲ.

ಸ್ಥಾಪನೆಯ ಕಥೆಗೂ ಬಣ್ಣ ಬಳಿದಿದ್ದಾರೆ. ಕರ್ಲಿ ಲ್ಯಾಂಬೋ ಎಂಬ ಇಪ್ಪತ್ತೊಂದರ ಯುವಕ ಒಬ್ಬನೇ ತಂಡ ಕಟ್ಟಿದ ಅಂತ ಹೇಳುವುದು ರೂಢಿ. 1919ರ ಆಗಸ್ಟ್ 11ರಂದು ಊರಿನ ಪ್ರೆಸ್-ಗೆಜೆಟ್ ಪತ್ರಿಕೆಯ ಕಚೇರಿಯಲ್ಲಿ ಸಭೆ ಸೇರಿದಾಗ ಅವನ ಜೊತೆ ಜಾರ್ಜ್ ಕ್ಯಾಲ್ಹೂನ್ ಇದ್ದ, ಅದೇ ಪತ್ರಿಕೆಯವನು. ತಂಡದ ಸುದ್ದಿ ಬರೆದವನೂ ಅವನೇ, ಪಂದ್ಯದ ನಡುವೆ ಪ್ರೇಕ್ಷಕರ ಮುಂದೆ ಟೋಪಿ ಹಿಡಿದು ಚಿಲ್ಲರೆ ಎತ್ತಿದವನೂ ಅವನೇ. ಲ್ಯಾಂಬೋ ಆಗ ಇಂಡಿಯನ್ ಪ್ಯಾಕಿಂಗ್ ಕಂಪನಿಯಲ್ಲಿ ಗುಮಾಸ್ತ. ಡಬ್ಬಿ ಮಾಂಸ ಮಾಡುತ್ತಿದ್ದ ಆ ಕಂಪನಿ ಜೆರ್ಸಿ, ಸಾಮಾನಿಗೆ 500 ಡಾಲರ್ ಕೊಟ್ಟಿತು, ತಂಡದ ಹೆಸರು ಅಲ್ಲಿಂದ ಬಂತು. ಕಂಪನಿಯೇ ತಂಡದ ಮಾಲೀಕ ಅಂತ ಅಂದುಕೊಂಡವರಿದ್ದಾರೆ. ಎರಡೇ ವರ್ಷದಲ್ಲಿ ಆ ಕಂಪನಿಯನ್ನು ಆಕ್ಮಿ ಪ್ಯಾಕಿಂಗ್ ಅನ್ನುವವರು ಕೊಂಡುಕೊಂಡರು. ಹೆಸರು ಮಾತ್ರ ಉಳಿಯಿತು.

ಲೀಗಿನ ಅತ್ಯಂತ ಹಳೆಯ ತಂಡವೂ ಇದಲ್ಲ. ಈಗ ಅರಿಜೋನಾದಲ್ಲಿರುವ ಕಾರ್ಡಿನಲ್ಸ್ ತಂಡದ ಬೇರು 1898ರ ಷಿಕಾಗೋದಲ್ಲಿದೆ. 1920ರಲ್ಲಿ ಲೀಗ್ ಹುಟ್ಟಿದಾಗ ಪ್ಯಾಕರ್ಸ್ ಅದರಲ್ಲಿ ಇರಲೂ ಇಲ್ಲ. ಸೇರಿದ್ದು 1921ರಲ್ಲಿ. ಸೇರಿದ ವರ್ಷವೇ ನೋಟರ್ ಡೇಮ್ ಕಾಲೇಜಿನ ಹುಡುಗರನ್ನು ಬೇರೆ ಹೆಸರಿನಲ್ಲಿ ಆಡಿಸಿ ಸಿಕ್ಕಿಬಿದ್ದು ಹೊರಗೆ ಹೋಯಿತು. 1922ರಲ್ಲಿ ಲ್ಯಾಂಬೋ 50 ಡಾಲರ್ ಕಟ್ಟಿ ವಾಪಸ್ ತಂದ. ಒಂದೇ ಊರು, ಒಂದೇ ಹೆಸರಿನಲ್ಲಿ ಎಡೆಬಿಡದೆ ಉಳಿದ ತಂಡಗಳಲ್ಲಿ ಇದು ಹಳೆಯದು ಅನ್ನುವುದಷ್ಟೇ ನಿಜ.

ಇನ್ನು ದುಡ್ಡಿನ ಬಿಕ್ಕಟ್ಟುಗಳು. 1931ರಲ್ಲಿ ಒಬ್ಬ ಪ್ರೇಕ್ಷಕ ಸ್ಟ್ಯಾಂಡಿನಿಂದ ಕೆಳಗೆ ಬಿದ್ದ. ಕೋರ್ಟಿಗೆ ಹೋಗಿ 5,000 ಡಾಲರ್ ಪರಿಹಾರ ಗೆದ್ದ. ತಂಡದ ವಿಮಾ ಕಂಪನಿ ಅಷ್ಟರಲ್ಲಿ ದಿವಾಳಿ ಎದ್ದಿತ್ತು. ಮೂರು ಸಲ ಚಾಂಪಿಯನ್ ಆಗಿದ್ದ ತಂಡ ಆ ಒಂದು ಬೀಳಿನಿಂದ 1933ರಲ್ಲಿ ಕೋರ್ಟ್ ನೇಮಿಸಿದ ಅಧಿಕಾರಿಯ ಕೈಗೆ ಹೋಯಿತು. 1935ರಲ್ಲಿ ಊರಿನ ವ್ಯಾಪಾರಸ್ಥರು 15,000 ಡಾಲರ್ ಕೂಡಿಸಿ ಕಂಪನಿಯನ್ನು ಹೊಸದಾಗಿ ಕಟ್ಟಿದರು.

ಇದಕ್ಕಿಂತ ಸ್ವಾರಸ್ಯ 1949-50ರದ್ದು. ತಂಡದ ಕೋಚ್ ಆಗಿದ್ದ ಲ್ಯಾಂಬೋ 1946ರಲ್ಲಿ ಊರ ಹೊರಗೆ ರಾಕ್‌ವುಡ್ ಲಾಡ್ಜ್ ಎಂಬ ಬಂಗಲೆಯನ್ನು ತಂಡದ ತರಬೇತಿಗೆ ಅಂತ ಕೊಡಿಸಿದ್ದ. ನೆಲದಡಿ ಸುಣ್ಣದ ಕಲ್ಲು. ಆಟಗಾರರ ಕಾಲು ನೋವು ತಡೆಯಲಾಗದೆ ಅಭ್ಯಾಸವನ್ನು ಮತ್ತೆ ಊರೊಳಗೆ ತರಬೇಕಾಯಿತು. ಖರ್ಚು ಏರಿತು, ಗೆಲುವು ಇಳಿಯಿತು, ಮಂಡಳಿಗೂ ಅವನಿಗೂ ಜಗಳ ಶುರುವಾಯಿತು. ಆಗ ಲ್ಯಾಂಬೋ ಒಂದು ಸಲಹೆ ಇಟ್ಟ. ತಲಾ 50,000 ಡಾಲರ್ ಹಾಕಲು ನಾಲ್ವರು ಸಿದ್ಧ ಇದ್ದಾರೆ, ಆದರೆ ಈ ಸಾರ್ವಜನಿಕ ವ್ಯವಸ್ಥೆ ಬಿಟ್ಟು ತಂಡವನ್ನು ಲಾಭದ ಕಂಪನಿ ಮಾಡಬೇಕು ಅಂದ. ಮಂಡಳಿ ಒಪ್ಪಲಿಲ್ಲ. 1950ರ ಜನವರಿ 24ರಂದು ಲಾಡ್ಜಿಗೆ ಬೆಂಕಿ ಬಿತ್ತು. ವಿಮೆಯಿಂದ 75,000 ಡಾಲರ್ ಬಂತು. ಒಂದು ವಾರದಲ್ಲಿ ಲ್ಯಾಂಬೋ ರಾಜೀನಾಮೆ ಕೊಟ್ಟು ಷಿಕಾಗೋ ಕಾರ್ಡಿನಲ್ಸ್ ಸೇರಿದ. ಬೆಂಕಿ ಹಚ್ಚಿದ್ದು ಯಾರೋ ಅಂತ ಊರಲ್ಲಿ ಗುಸುಗುಸು ಇತ್ತು, ಯಾವುದೂ ಸಾಬೀತಾಗಲಿಲ್ಲ.

ಇವತ್ತು "ಜನರ ತಂಡ"ದ ದೇವಸ್ಥಾನ ಅನ್ನಿಸಿಕೊಂಡಿರುವ ಸ್ಟೇಡಿಯಮ್ಮಿಗೆ ಅದೇ ಮನುಷ್ಯನ ಹೆಸರು. ಲ್ಯಾಂಬೋ ಫೀಲ್ಡ್. ಮೊದಲಿಂದ ಆ ಹೆಸರಿರಲಿಲ್ಲ. 1957ರಲ್ಲಿ ಸಿಟಿ ಸ್ಟೇಡಿಯಂ ಅಂತ ಶುರುವಾಗಿ, 1965ರಲ್ಲಿ ಅವನು ತೀರಿಕೊಂಡ ಮೇಲೆ ಬದಲಾಯಿತು. ತಂಡವನ್ನು ಖಾಸಗಿ ಮಾಡಲು ಹೊರಟವನ ಹೆಸರು ಅದರ ಮೇಲಿದೆ ಅಂತ ಎಷ್ಟು ಅಭಿಮಾನಿಗಳಿಗೆ ಗೊತ್ತೋ!

ಕಥೆಯ ಸಿಹಿ ಭಾಗವೂ ಇದೇ ವರ್ಷದ್ದು, ಅದನ್ನು ಬಿಡಬಾರದು. 1950ರಲ್ಲಿ 25 ಡಾಲರಿನಂತೆ ಷೇರು ಮಾರಲು ಕೂತರು. ಹತ್ತಿರದ ರೈಟ್ಸ್‌ಟೌನ್ ಕಡೆಯ ರೈತ ಮನೆಯ ಹೆಂಗಸೊಬ್ಬರು ಬೆಂಕಿಪೆಟ್ಟಿಗೆಯಲ್ಲಿ 25 ಡಾಲರಿನಷ್ಟು ಕಾಲು ಡಾಲರ್ ನಾಣ್ಯ ತುಂಬಿಕೊಂಡು ಬಂದರು ಅಂತ ತಂಡದ ದಾಖಲೆ ಹೇಳುತ್ತದೆ. ನೂರು ನಾಣ್ಯ! ಅಂಥ ಜನ ಇದ್ದರು, ಸುಳ್ಳಲ್ಲ. ಆ ಸಲ ಸುಮಾರು 1,18,000 ಡಾಲರ್ ಆಯಿತು.

ಸ್ಟೇಡಿಯಂ ಕಟ್ಟಲು 1956ರಲ್ಲಿ ಊರಿನಲ್ಲಿ ಮತದಾನ ನಡೆಯಿತು. ಪ್ರಚಾರಕ್ಕೆ ಬಂದವರಲ್ಲಿ ಜಾರ್ಜ್ ಹಾಲಸ್ ಇದ್ದರು. ಯಾರು ಅಂತೀರಾ? ಪ್ಯಾಕರ್ಸಿನ ಬದ್ಧ ವೈರಿ ಷಿಕಾಗೋ ಬೇರ್ಸಿನ ಮಾಲೀಕ! ಪ್ರೀತಿಯಿಂದ ಅಷ್ಟೇ ಅಲ್ಲ. ಗ್ರೀನ್ ಬೇ ಜೊತೆ ಆಡಿದರೆ ಅವರಿಗೂ ಟಿಕೆಟ್ ದುಡ್ಡು ಬರುತ್ತಿತ್ತು. ಮತದಾನ ಗೆದ್ದು, 9,60,000 ಡಾಲರ್ ಖರ್ಚನ್ನು ನಗರ ಮತ್ತು ತಂಡ ಹಂಚಿಕೊಂಡವು. 2000ದಲ್ಲಿ ಸ್ಟೇಡಿಯಂ ನವೀಕರಿಸಲು ಗ್ರೀನ್ ಬೇ ಇರುವ ಬ್ರೌನ್ ಕೌಂಟಿಯ (ಜಿಲ್ಲೆಯ) ಜನರ ಮೇಲೆ ಅರ್ಧ ಶೇಕಡಾ ಮಾರಾಟ ತೆರಿಗೆ ಹಾಕಿದರು. 53ಕ್ಕೆ 47ರಷ್ಟು ಓಟಿನಲ್ಲಿ ಪಾಸಾದ ಆ ತೆರಿಗೆ 2015ರವರೆಗೆ ನಡೆಯಿತು. ಆಟ ನೋಡದವನೂ ಸೋಪು ಕೊಂಡಾಗ ಕಟ್ಟಿದ್ದಾನೆ. ಹಾಗಾಗಿ ಇಲ್ಲಿ ತೆರಿಗೆದಾರನಿಗೆ ಹೊರೆ ಇಲ್ಲ ಅನ್ನುವ ಮಾತನ್ನು ನಂಬಬೇಡಿ.

ಆಟದ ಅಂಗಳದ ತಪ್ಪು ಕಲ್ಪನೆಗಳನ್ನು ಬೇಗ ಮುಗಿಸುತ್ತೇನೆ. ಒಂದನ್ನು ಬಿಟ್ಟು.

ಪ್ಯಾಕರ್ಸ್ 13 ಸಲ ಚಾಂಪಿಯನ್, ಬೇರೆ ಯಾವ ಎನ್‌ಎಫ್‌ಎಲ್ ತಂಡಕ್ಕೂ ಅಷ್ಟಿಲ್ಲ. ಅದರಲ್ಲಿ ಸೂಪರ್ ಬೌಲ್, ಅಂದರೆ ಈಗಿನ ಫೈನಲ್ ಗೆದ್ದದ್ದು ನಾಲ್ಕೇ. ಉಳಿದವು ಸೂಪರ್ ಬೌಲ್ ಹುಟ್ಟುವ ಮುಂಚಿನವು. 1929, 30, 31ರ ಮೂರಕ್ಕೆ ಫೈನಲ್ ಪಂದ್ಯವೇ ಇರಲಿಲ್ಲ, ಪಟ್ಟಿಯಲ್ಲಿ ಮೇಲಿದ್ದವರಿಗೆ ಪ್ರಶಸ್ತಿ. 1967ರ ಜನವರಿಯಲ್ಲಿ ಲಾಸ್ ಏಂಜಲಿಸಿನಲ್ಲಿ ನಡೆದ ಮೊದಲ ಸೂಪರ್ ಬೌಲ್ ಹೌಸ್‌ಫುಲ್ ಆಗಿತ್ತು ಅಂದುಕೊಳ್ಳುತ್ತೇವೆ. ಮೂರನೇ ಒಂದು ಭಾಗ ಸೀಟು ಖಾಲಿ ಇತ್ತು. ಆ ಕಾಲದ ಕೋಚ್ ವಿನ್ಸ್ ಲೊಂಬಾರ್ಡಿ ಹೆಸರಿಗೆ ಅಂಟಿಕೊಂಡಿರುವ, ಗೆಲುವೊಂದೇ ಎಲ್ಲ ಅನ್ನುವ ಪ್ರಸಿದ್ಧ ಮಾತನ್ನು ಅವರಿಗಿಂತ ಮೊದಲು ಆಡಿದವರು ಯುಸಿಎಲ್‌ಎ ವಿಶ್ವವಿದ್ಯಾಲಯದ ಕೋಚ್ ರೆಡ್ ಸ್ಯಾಂಡರ್ಸ್. ಹೆಲ್ಮೆಟ್ ಮೇಲಿನ ಜಿ ಅಕ್ಷರ ಗ್ರೇಟ್‌ನೆಸ್ ಅನ್ನುವುದರ ಗುರುತು ಅಂತ ಹರಡಿರುವುದು ಸುಮ್ನೆ ಕಥೆ. 1961ರಲ್ಲಿ ಅದನ್ನು ಹಾಕಿದ್ದು ಊರಿನ ಹೆಸರಿಗೆ.

ಬಿಟ್ಟಿದ್ದು ಐಸ್ ಬೌಲ್ ಅಂತ ಹೆಸರಾದ ಪಂದ್ಯ, ಗ್ರೀನ್ ಬೇಯಲ್ಲೇ ನಡೆದ ಆ ವರ್ಷದ ಎನ್‌ಎಫ್‌ಎಲ್ ಫೈನಲ್. 1967ರ ಡಿಸೆಂಬರ್ 31, ಮೈನಸ್ 25 ಡಿಗ್ರಿ ಚಳಿ. ನೆಲ ಬಿಸಿ ಮಾಡುವ ವಿದ್ಯುತ್ ತಂತಿ ಕೈಕೊಟ್ಟು ಅಂಗಳ ಗಡ್ಡೆಕಟ್ಟಿತ್ತು. ಡಲ್ಲಾಸ್ ಕೌಬಾಯ್ಸ್ 17, ಪ್ಯಾಕರ್ಸ್ 14. 16 ಸೆಕೆಂಡ್ ಬಾಕಿ, ಗೆರೆ ಮುಟ್ಟಲು ಎರಡೇ ಅಡಿ. ಚೆಂಡನ್ನು ಜೊತೆ ಆಟಗಾರ ಚಕ್ ಮರ್ಸೀನ್‌ಗೆ ಕೊಡಬೇಕಾದ ಆಟ ಅದು. ಕ್ವಾರ್ಟರ್‌ಬ್ಯಾಕ್ ಬಾರ್ಟ್ ಸ್ಟಾರ್ ಯಾರಿಗೂ ಹೇಳದೆ ತಾನೇ ನುಗ್ಗಿದ, ಗೆದ್ದ. ಆ ಕ್ಷಣದ ಫೋಟೋ ಬಹಳ ಹೆಸರುವಾಸಿ. ಸ್ಟಾರ್ ನೆಲದ ಮೇಲೆ, ಅವನ ಹಿಂದೆಯೇ ಮರ್ಸೀನ್ ಎರಡೂ ಕೈ ಮೇಲೆತ್ತಿದ್ದಾನೆ. ಗೆದ್ದ ಖುಷಿ ಅಂತ ಎಲ್ಲರೂ ನೋಡುತ್ತಾರೆ. ಅದು ಖುಷಿ ಅಲ್ಲ! ಚೆಂಡು ತನಗೆ ಬರುತ್ತದೆ ಅಂತ ಓಡಿ ಬಂದವನಿಗೆ ಮುಂದೆ ಸ್ಟಾರ್ ಬೆನ್ನು ಕಂಡಿತು. ಚೆಂಡು ಹಿಡಿದವನನ್ನು ಹಿಂದಿನಿಂದ ತಳ್ಳುವುದು ಆಗ ಫೌಲ್. ನಾನು ತಳ್ಳಲಿಲ್ಲ ಅಂತ ಅಂಪೈರಿಗೆ ತೋರಿಸಲು ಮರ್ಸೀನ್ ಕೈ ಎತ್ತಿದ್ದ.

ಈ ಹಳೆಯ ಫೋಟೋಗೆ ಈಗ ಮತ್ತೆ ಬೆಲೆ ಬಂದಿದೆ. ಹಿಂದಿನಿಂದ ತಳ್ಳಬಾರದು ಅನ್ನುವ ನಿಯಮವನ್ನು ಲೀಗ್ 2000ದ ದಶಕದಲ್ಲಿ ತೆಗೆದುಹಾಕಿತು. ಫಿಲಡೆಲ್ಫಿಯಾ ಈಗಲ್ಸ್ ಅದನ್ನೇ ಹಿಡಿದು ಕ್ವಾರ್ಟರ್‌ಬ್ಯಾಕನ್ನು ಇಬ್ಬರು ಮೂವರು ಹಿಂದಿನಿಂದ ತಳ್ಳುವ ಟಶ್ ಪುಶ್ ಎಂಬ ಆಟ ಕಟ್ಟಿತು. ಅದನ್ನು ತಡೆಯಲಾಗದೆ ಎಲ್ಲರೂ ಸೋತರು. 2025ರಲ್ಲಿ ಅದನ್ನು ನಿಷೇಧಿಸಿ ಅಂತ ಪ್ರಸ್ತಾವ ತಂದ ತಂಡ ಯಾವುದು ಗೊತ್ತಾ? ಪ್ಯಾಕರ್ಸ್. ಅದೇ ಜನವರಿಯಲ್ಲಿ ಪ್ಲೇಆಫ್‌ನಲ್ಲಿ ಈಗಲ್ಸ್ ಕೈಲಿ 22-10ರಿಂದ ಸೋತಿದ್ದರು. ಮೇ ತಿಂಗಳಲ್ಲಿ ಓಟಿಗೆ ಹಾಕಿದಾಗ ನಿಷೇಧದ ಪರ 22, ವಿರುದ್ಧ 10. ಬೇಕಿದ್ದದ್ದು 24. ಅದೇ ಅಂಕಿ ಮತ್ತೆ ಕಾಡಿತು. "ನೀವೇ ಐಸ್ ಬೌಲಿನಲ್ಲಿ ತಳ್ಳಿ ಗೆದ್ದವರು" ಅಂತ ಯಾರಾದರೂ ಪ್ಯಾಕರ್ಸಿನವರನ್ನು ರೇಗಿಸಿದರೆ, ಅವರು ಆ ಎತ್ತಿದ ಕೈಗಳನ್ನು ತೋರಿಸಬಹುದು.

ಮತ್ತೆ ದುಡ್ಡಿಗೆ ಬರೋಣ, ಮುಖ್ಯ ವಿಷಯ ಅದೇ. ಷೇರು ಮಾರಿದ್ದು ಒಂದು ಶತಮಾನದಲ್ಲಿ ಆರೇ ಸಲ. ಪುಟ್ಟ ಊರಿನ ತಂಡ ವರ್ಷ ವರ್ಷ ಸಂಬಳ ಕೊಟ್ಟು ನಡೆಯುವುದು ಅದರಿಂದಲ್ಲ. 1961ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿ, ಲೀಗಿನ ಎಲ್ಲ ತಂಡಗಳೂ ಒಟ್ಟಾಗಿ ಟಿವಿ ಹಕ್ಕು ಮಾರಲು ದಾರಿ ಮಾಡಿತು. ಮರುವರ್ಷ ಸಿಬಿಎಸ್ ಎಂಬ ಟಿವಿ ಕಂಪನಿ ವರ್ಷಕ್ಕೆ 46.5 ಲಕ್ಷ ಡಾಲರ್ ಕೊಟ್ಟಿತು. ಅದನ್ನು 14 ತಂಡಗಳು ಸರಿಸಮ ಹಂಚಿಕೊಂಡವು. ನ್ಯೂಯಾರ್ಕ್ ಜೈಂಟ್ಸಿನ ಮಾಲೀಕರಾದ ಮಾರಾ ಕುಟುಂಬ ತಮ್ಮ ದೊಡ್ಡ ಊರಿನ ದೊಡ್ಡ ಪಾಲು ಬಿಟ್ಟುಕೊಟ್ಟು ಇದಕ್ಕೆ ಒಪ್ಪಿತು. ಅವತ್ತು ಅವರು ಒಲ್ಲೆ ಅಂದಿದ್ದರೆ ಗ್ರೀನ್ ಬೇಯಲ್ಲಿ ಎಷ್ಟು ಬೆಂಕಿಪೆಟ್ಟಿಗೆ ತುಂಬಿದರೂ ಸಾಲುತ್ತಿರಲಿಲ್ಲ.

ಆ ಹಂಚಿಕೆ ಇವತ್ತಿಗೂ ನಡೆದಿದೆ. ಖಾಸಗಿ ಮಾಲೀಕರು ಲೆಕ್ಕ ಹೊರಗೆ ಬಿಡುವುದಿಲ್ಲ. ಪ್ಯಾಕರ್ಸ್ ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕು, ಹಾಗಾಗಿ ಇಡೀ ಲೀಗಿನ ಗುಟ್ಟು ವರ್ಷಕ್ಕೊಮ್ಮೆ ಗ್ರೀನ್ ಬೇಯಿಂದಲೇ ರಟ್ಟಾಗುತ್ತದೆ. 2025ರ ವರದಿಯ ಪ್ರಕಾರ ಲೀಗಿನಿಂದ ಒಂದೊಂದು ತಂಡಕ್ಕೆ ಬಂದ ಪಾಲು 43 ಕೋಟಿ ಡಾಲರಿಗೂ ಹೆಚ್ಚು. ಪ್ಯಾಕರ್ಸಿನ ಒಟ್ಟು ಆದಾಯ 72 ಕೋಟಿಯ ಹತ್ತಿರ. ಅರ್ಧಕ್ಕಿಂತ ಜಾಸ್ತಿ ಲೀಗಿನ ಪಾಲೇ. ಷೇರುದಾರನಿಗೆ ಸಿಗುವ ನಿಜವಾದ ಹಕ್ಕು ಇದೇ ಅನ್ನಬಹುದು, ಲೆಕ್ಕ ಕೇಳುವ ಹಕ್ಕು. ಸಣ್ಣದೇನಲ್ಲ.

ಹಾಗಾದರೆ ಕ್ಲೀವ್‌ಲ್ಯಾಂಡಿನವರೋ ಬಫಲೋದವರೋ ತಮ್ಮ ತಂಡವನ್ನು ಹೀಗೆ ಕೊಳ್ಳಬಹುದಾ? ಆಗುವುದಿಲ್ಲ. ಪ್ರತಿ ತಂಡಕ್ಕೂ ದೊಡ್ಡ ಪಾಲಿರುವ ಒಬ್ಬ ಮುಖ್ಯ ಮಾಲೀಕ ಇರಲೇಬೇಕು, ಜೊತೆಗೆ ಕೆಲವೇ ಪಾಲುದಾರರು ಅನ್ನುವುದು ಎನ್‌ಎಫ್‌ಎಲ್ ನಿಯಮ. ಪ್ಯಾಕರ್ಸ್ ನಿಯಮಕ್ಕಿಂತ ಹಳೆಯದು, ಅದಕ್ಕೇ ವಿನಾಯಿತಿ. ಬಾಗಿಲು ಅವರ ಹಿಂದೆ ಮುಚ್ಚಿದೆ. 2024ರ ಆಗಸ್ಟಿನಲ್ಲಿ ಲೀಗ್ ಬೇರೆ ಬಾಗಿಲೊಂದನ್ನು ತೆರೆಯಿತು. ಪ್ರೈವೇಟ್ ಈಕ್ವಿಟಿ ಫಂಡುಗಳು (ಶ್ರೀಮಂತರ, ಸಂಸ್ಥೆಗಳ ದುಡ್ಡು ಕೂಡಿಸಿ ಕಂಪನಿಗಳಲ್ಲಿ ಹೂಡುವವು) ಒಂದು ತಂಡದಲ್ಲಿ ಶೇಕಡಾ 10ರವರೆಗೆ ಪಾಲು ಕೊಳ್ಳಬಹುದು. ಅಭಿಮಾನಿಗೆ ಇಲ್ಲದ ಅವಕಾಶ ಫಂಡಿಗೆ ಸಿಕ್ಕಿತು.

ಉಳಿದ ಮಾಲೀಕರಿಗೆ ಇದರಿಂದ ಹೊಸ ಬಂಡವಾಳ ಬರುತ್ತದೆ. ಪ್ಯಾಕರ್ಸಿಗೆ ಆ ದಾರಿ ಇಲ್ಲ, ಮಾರಲು ಪಾಲೇ ಇಲ್ಲ. ಕಷ್ಟ ಬಂದರೆ ಜೇಬಿನಿಂದ ಹಾಕುವ ಶ್ರೀಮಂತನೂ ಇಲ್ಲ. ಅದಕ್ಕೇ ಅವರು 50 ಕೋಟಿ ಡಾಲರಿಗೂ ಹೆಚ್ಚಿನ ಆಪದ್ಧನ ಕೂಡಿಟ್ಟುಕೊಂಡಿದ್ದಾರೆ. ಅದೂ ಸಾಲದಿದ್ದರೆ ಏಳನೇ ಸಲ ಷೇರು ಅಚ್ಚು ಹಾಕಿಸಬೇಕು. ಕೊಳ್ಳುವವರು ಸಿಗುತ್ತಾರೆ, ಅನುಮಾನ ಬೇಡ. ಕಳೆದ ಸಲ ಮೂರೇ ತಿಂಗಳಲ್ಲಿ 6.5 ಕೋಟಿ ಡಾಲರಿಗೂ ಹೆಚ್ಚು ಬಂದಿತ್ತು. ಆ ದುಡ್ಡು ಸ್ಟೇಡಿಯಂನ ದೊಡ್ಡ ಪರದೆ, ಓಡಾಟದ ಜಾಗ ಇಂಥ ಕೆಲಸಗಳಿಗೆ ಹೋಯಿತು. ಆಟಗಾರರ ಸಂಬಳಕ್ಕೆ ಅದನ್ನು ಬಳಸಲು ಲೀಗಿನ ನಿಯಮ ಬಿಡುವುದಿಲ್ಲ.